ಬಲದಿಂದ ಎಡಕ್ಕೆ ಆರು ಕೈಗಳು

ಕಾಕನ ಬಲಗೈ ಹೆಬ್ಬೆರಳಿನ ಉಗುರು ಅಗಲವಾಗಿ, ಚಪ್ಪಟೆಯಾಗಿ, ತುದಿಯಲ್ಲಿ ಹಳದಿಗಟ್ಟಿತ್ತು. ಆ ಉಗುರಿನಿಂದಲೇ ಅವರು ಬಾವಲಿಯ ಬೆರಳಿನ ಎಲುಬಿಗೆ ಅಂಟಿದ ಒಣ ಚರ್ಮವನ್ನು ಕೀಳುತ್ತಿದ್ದರು. ಹುಲ್ಲುಕಡ್ಡಿಯಷ್ಟು ತೆಳ್ಳಗಿನ ಎಲುಬು ಅದು. ನಾನು ಚಿಮಟದಲ್ಲಿ ಹಿಡಿದರೂ ಮುರಿಯುತ್ತಿತ್ತು, ಅವರ ಉಗುರಿಗೆ ಒಂದು ದಿನವೂ ಮುರಿಯಲಿಲ್ಲ. ಆ ಕೈಗಳಿಗೆ ಯಾವಾಗಲೂ ಕರ್ಪೂರದ ವಾಸನೆ. ಫಾರ್ಮಲಿನ್ನಿಗೆ ಹೆದರಿ ಮೂಗು ಮುಚ್ಚಿಕೊಂಡು ನಮ್ಮ ಪ್ರಾಣಿಶಾಸ್ತ್ರ ವಿಭಾಗಕ್ಕೆ ಬರುತ್ತಿದ್ದ ಮಕ್ಕಳು ಕಾಕನ ಮೇಜಿನ ಹತ್ತಿರ ಬಂದಾಗ ಮೂಗಿನಿಂದ ಕೈ ತೆಗೆಯುತ್ತಿದ್ದರು.

ಮೊದಲೇ ಹೇಳಿಬಿಡುತ್ತೇನೆ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಬಂದು ಹೋಗುವಂಥ ಹೊಟ್ಟೆಕಿಚ್ಚಲ್ಲ, ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಕಾಪುವಿನಿಂದ ಉಡುಪಿಗೆ, ಉಡುಪಿಯಿಂದ ಮಣಿಪಾಲದ ಕಡೆಗೆ ಎರಡು ಬಸ್ಸು ಬದಲಿಸಿ ನನ್ನ ಜೊತೆಗೇ ಕಾಲೇಜಿಗೆ ಬರುತ್ತಿದ್ದ ಹೊಟ್ಟೆಕಿಚ್ಚು. ನಾನು ಎಂ.ಎಸ್ಸಿ. ಓದಿದ ಉಪನ್ಯಾಸಕ. ಅವರು ಶಾಲೆಯ ಮುಖ ನೋಡದೆ ಮದ್ರಸದಲ್ಲಿ ನಾಲ್ಕಕ್ಷರ ಕಲಿತು, ಹೂಡೆಯಿಂದ ಬಂದು ನಮ್ಮಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದವರು. ಇಂಥವರ ಮೇಲೆ ಇಂಥವನಿಗೆ ಅಸೂಯೆ ಎಂದರೆ ಕೇಳಿದವರು ನಗಬಹುದು. ನಗಲಿ. ವರ್ಷದ ಕೊನೆಯ ಗ್ರೂಪ್ ಫೋಟೋದಲ್ಲಿ ಮಕ್ಕಳು ಮೊದಲು ಕೂಗುತ್ತಿದ್ದದ್ದು "ಕಾಕ ಎಲ್ಲಿ?" ಎಂದು. ನನ್ನ ಹೆಂಡತಿ ಕೂಡ ನಮ್ಮ ಅಕ್ಕಿರೊಟ್ಟಿ ಪತ್ತಿರ್ ಮಾಡಿದ ದಿನ ಡಬ್ಬಿಗೆ ತುಂಬುತ್ತಾ, "ಮೇಲಿನ ನಾಲ್ಕು ಕಾಕನಿಗೆ, ಬಿಸಿ ಇರುವಾಗಲೇ ಕೊಡಿ" ಎನ್ನುತ್ತಿದ್ದಳು. ಅಡಿಯ ತಣ್ಣಗಿನವು ನನಗೆ.

ನಮ್ಮಿಬ್ಬರ ಮನೆಮಾತೂ ಬ್ಯಾರಿ. ಆದರೆ ಕಾಲೇಜಿನ ಗೇಟಿನ ಒಳಗೆ ಅವರು ನನ್ನೊಡನೆ ಕನ್ನಡ ಬಿಟ್ಟು ಒಂದು ಮಾತೂ ಆಡಲಿಲ್ಲ. "ನಾವಿಬ್ಬರು ನಮ್ಮದರಲ್ಲಿ ಮಾತಾಡಿದರೆ ಉಳಿದವರಿಗೆ ಗುಟ್ಟು ಅನ್ನಿಸ್ತದೆ, ಸರ್" ಎನ್ನುತ್ತಿದ್ದರು. ಗೇಟು ದಾಟಿದ ಕೂಡಲೇ ನಾನು ಸರ್ ಹೋಗಿ 'ಮೋನೇ' ಆಗುತ್ತಿದ್ದೆ. ಮೋನೇ ಎಂದರೆ ಮಗನೇ ಎಂದು. ಹಾಗೆ ಕರೆಸಿಕೊಳ್ಳುವುದು ಇಷ್ಟವೇ, ಕೋಪವೇ ಎಂದು ಬಸ್‌ಸ್ಟ್ಯಾಂಡ್ ಬರುವವರೆಗೂ ನನಗೇ ತಿಳಿಯುತ್ತಿರಲಿಲ್ಲ.

ಅವರು ಎಲುಬು ತಯಾರಿಸುವ ಕ್ರಮವೇ ಬೇರೆ. ತಂತಿಗೆ ತಗುಲಿ ಸತ್ತ ಬಾವಲಿಯನ್ನೋ, ಅಂಗಳದಲ್ಲಿ ಸತ್ತು ಬಿದ್ದ ಪಾರಿವಾಳವನ್ನೋ ಮಕ್ಕಳು ತಂದುಕೊಟ್ಟರೆ ಅದನ್ನು ಹಿತ್ತಿಲಿನ ಮಣ್ಣಿನ ಮಡಕೆಯಲ್ಲಿ, ಒದ್ದೆ ಮರಳಿನ ನಡುವೆ ಹೂಳುತ್ತಿದ್ದರು. ಉಳಿದದ್ದು ಇರುವೆಯ ಕೆಲಸ. ಎರಡು ಮೂರು ವಾರ ಕಳೆದು ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಲು ಕೂರುತ್ತಿದ್ದರು. ಮೊದಲು ಬಲಗಡೆಯ ಎಲುಬುಗಳು, ಆಮೇಲೆ ಎಡಗಡೆಯವು. ಮೂರು ಸಲ ತೊಳೆಯುವುದು, ಸಾಲದಿದ್ದರೆ ಐದು. ನಾಲ್ಕಕ್ಕೆ ಎಂದೂ ನಿಲ್ಲಿಸಲಿಲ್ಲ. ಕೊನೆಯ ನೀರಿಗೆ ಚಿಟಿಕೆ ಕರ್ಪೂರ.

ಸೇರಿದ ಹೊಸತರಲ್ಲಿ ನಾನು ಇದನ್ನು ನೋಡಿ ಬೆಚ್ಚಿದ್ದೆ. ನಮ್ಮಲ್ಲಿ ಸತ್ತವರನ್ನು ತೊಳೆಯುವ ಕ್ರಮ ಇದು. ಬಲದಿಂದ ಶುರು, ಬೆಸ ಸಂಖ್ಯೆಯಲ್ಲಿ, ಕೊನೆಗೆ ಕರ್ಪೂರ. ಕಾಕ ತಮ್ಮ ಜಮಾಅತಿನಲ್ಲಿ ಮಯ್ಯತ್ತು ತೊಳೆಯುವವರು ಎಂದು ಆಗ ನನಗೆ ಗೊತ್ತಿರಲಿಲ್ಲ.

"ಕಾಕ, ಇದು ಪ್ರಾಣಿ. ಇದಕ್ಕೆಲ್ಲ ಹಾಗೆ ಮಾಡಬೇಕೆಂದು ಎಲ್ಲಿ ಉಂಟು?" ಎಂದೆ.

"ಎಲ್ಲಿಯೂ ಇಲ್ಲ ಸರ್. ಮಾಡಬೇಕು ಅಂತ ನಾನೂ ಹೇಳುವುದಿಲ್ಲ. ನನ್ನ ಕೈಗೆ ತೊಳೆಯುವುದು ಅಂದರೆ ಹೀಗೆಯೇ ಗೊತ್ತಿರುವುದು" ಎಂದು ಬಾವಲಿಯ ಬಲರೆಕ್ಕೆಯನ್ನು ನೀರಿಗೆ ಬಿಟ್ಟರು. ಅಷ್ಟೇ. ಅವರಿಗೆ ಅಲ್ಲಿಗೆ ವಿಷಯ ಮುಗಿದಿತ್ತು. ನನಗೆ ಮುಗಿಯುವುದೇ ಇಲ್ಲ, ಅದು ನನ್ನ ಜಾಯಮಾನ.

ನನ್ನ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೀ ಕೆಟ್ಟವನಂತೆ ಕಾಣುತ್ತೇನೆ. ಜೀವವಿಕಾಸದ ಪಾಠ ನನ್ನದು. ವರ್ಷಕ್ಕೊಮ್ಮೆ ಆ ಪಾಠ ಹತ್ತಿರ ಬಂದಾಗ ನನಗೆ ಸಣ್ಣ ಜ್ವರವೇ ಬರುತ್ತಿತ್ತು. ಮೀನು, ಕಪ್ಪೆ, ಹಕ್ಕಿಯವರೆಗೆ ಹಾಯಾಗಿ ಹೋಗುತ್ತಿದ್ದವನು ಮನುಷ್ಯನ ಹತ್ತಿರ ಬಂದ ಕೂಡಲೇ ಬೋರ್ಡಿನ ಕಡೆ ತಿರುಗಿ, "ಇದು ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ" ಎಂದು ಓಡಿಸಿಬಿಡುತ್ತಿದ್ದೆ. ಸ್ಟಾಫ್‌ರೂಮಿನಲ್ಲಿ ಯಾರಾದರೂ ನಗುತ್ತಾ, "ನೀವು ಇದನ್ನು ಪಾಠ ಮಾತ್ರ ಮಾಡುವುದೋ, ನಂಬುವುದೂ ಉಂಟೋ ಮಾರಾಯ್ರೆ?" ಎಂದು ಕೇಳುತ್ತಿದ್ದರು. ಕಾಪುವಿನಲ್ಲಿ ಶುಕ್ರವಾರ ನಮಾಝ್ ಮುಗಿಸಿ ಚಪ್ಪಲಿ ಹುಡುಕುವಾಗ ಪಕ್ಕದವರು, "ಮಂಗನ ಮೇಷ್ಟ್ರು ಬಂದರು" ಎನ್ನುತ್ತಿದ್ದರು. ಎರಡೂ ಕಡೆ ತಮಾಷೆಯೇ. ಎರಡೂ ಕಡೆ ನನಗೆ ಬೆವರು.

ನಮ್ಮವರಲ್ಲಿ ಈ ವಿಷಯಕ್ಕೆ ಒಂದೇ ಮಾತಿಲ್ಲ ಎಂಬುದೂ ನನಗೆ ಗೊತ್ತಿತ್ತು. ನಮ್ಮ ಮಸೀದಿಯ ಖತೀಬರು ಖಡಾಖಂಡಿತ: ಮೊದಲ ಮನುಷ್ಯ ಆದಮರನ್ನು ಸೃಷ್ಟಿಸಿದವನು ತಂದೆ ತಾಯಿ ಇಲ್ಲದೆ ನೇರ ಮಣ್ಣಿನಿಂದ ಸೃಷ್ಟಿಸಿದ, ಅದರ ಮೇಲೆ ಚರ್ಚೆ ಇಲ್ಲ. ಮಣಿಪಾಲದಲ್ಲಿ ಡಾಕ್ಟರಾಗಿರುವ ನನ್ನ ಚಿಕ್ಕಪ್ಪನ ಮಗ, ದೇಹ ಹೇಗೂ ಬರಲಿ, ರೂಹ್ ಎಂಬ ಉಸಿರನ್ನು ಊದಿದವನು ಅವನೇ, ಅಲ್ಲಿಂದ ಮನುಷ್ಯ ಶುರು ಎನ್ನುತ್ತಿದ್ದ. ಪ್ರಾಣಿಗಳಿಗೆಲ್ಲ ಜೀವವಿಕಾಸ ಒಪ್ಪಿ ಮನುಷ್ಯನೊಬ್ಬನನ್ನು ಹೊರಗಿಡುವವರಿದ್ದರು. ಮನುಷ್ಯನನ್ನು ಸೃಷ್ಟಿಸುವ ಸುದ್ದಿ ಕೇಳಿ ಮಲಕುಗಳೆಂಬ ದೇವದೂತರು ಇವನು ರಕ್ತ ಹರಿಸುವವನಲ್ಲವೇ ಎಂದು ಕೇಳಿದರಲ್ಲ, ಅವರಿಗೆ ಹೇಗೆ ಗೊತ್ತಾಯಿತು, ಮೊದಲೂ ಯಾರಾದರೂ ಇದ್ದರೇ ಎಂದು ಹುಬ್ಬೇರಿಸುವವರೂ ಇದ್ದರು. ನಾನು ಇವರೆಲ್ಲರ ಮಾತಿಗೂ ತಲೆಯಾಡಿಸುತ್ತಿದ್ದೆ. ನನ್ನದೆಂದು ಒಂದು ಮಾತು ಮಾತ್ರ ನನ್ನಲ್ಲಿರಲಿಲ್ಲ.

ಕಾಕ ಇದೇ ಎಲುಬುಗಳ ನಡುವೆ ದಿನವಿಡೀ ಕೂತು, ಸಂಜೆಯ ಅಸರ್ ಬಾಂಗಿಗೆ ಎದ್ದು ಕೈಕಾಲು ಮುಖ ತೊಳೆದು, ಸ್ಟೋರಿನ ಮೂಲೆಯಲ್ಲಿ ಚಾಪೆ ಹಾಸಿ ನಮಾಝ್ ಮಾಡಿ, ಮತ್ತೆ ಬಂದು ಮಂಗನ ಮಣಿಕಟ್ಟು ಜೋಡಿಸುತ್ತಿದ್ದರು. ಅವರ ಮುಖದಲ್ಲಿ ಒಂದು ಗೆರೆ ಕದಲುತ್ತಿರಲಿಲ್ಲ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಕಾರ್ಕಳದಿಂದ ಒಬ್ಬ ಹುಡುಗಿ ಬರುತ್ತಿದ್ದಳು, ನಮ್ಮವರದೇ ಹುಡುಗಿ, ತರಗತಿಗೇ ಮೊದಲಿಗಳು. ಒಂದು ದಿನ ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದಳು.

"ಸರ್, ಪರೀಕ್ಷೆಗೆ ನಾನು ಬರೆಯುತ್ತೇನೆ. ಆದರೆ ಬರೆದದ್ದು ನಿಜವಾದರೆ ಆದಮರನ್ನು ಎಲ್ಲಿ ಇಡಲಿ? ನೀವು ಎಲ್ಲಿ ಇಟ್ಟಿದ್ದೀರಿ?"

ಅಲ್ಲಿಯವರೆಗೆ ನನ್ನನ್ನು ಯಾರೂ ಅಷ್ಟು ನೇರವಾಗಿ, ಅಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ. ನಾನು ಗಡಿಯಾರ ನೋಡಿಕೊಂಡೆ. "ಸಿಲಬಸ್‌ನಲ್ಲಿ ಉಂಟು, ಕಲಿ. ಉಳಿದದ್ದು ಮನೆಯಲ್ಲಿ ಕೇಳು" ಎಂದು ಹೇಳಿ ಹೊರಟೆ.

ಮರುದಿನ ವಿಭಾಗದ ಮ್ಯೂಸಿಯಮ್ಮಿನ ಬಾಗಿಲಿಗೆ ಹೋದವನು ಹೊರಗೇ ನಿಂತೆ. ಒಳಗೆ ಆ ಹುಡುಗಿಯ ದನಿ ಅಳು ಬೆರೆತಂತಿತ್ತು. ಈ ವಿಷಯವನ್ನೇ ಬಿಟ್ಟು ಬಿ.ಕಾಂ.ಗೆ ಹೋಗುತ್ತೇನೆ ಎನ್ನುತ್ತಿದ್ದಳು. ಕಾಕ ಕಪಾಟಿನಿಂದ ಒಂದು ಉದ್ದ ಪೆಟ್ಟಿಗೆ ಇಳಿಸಿದರು. ನಾನು ಸೇರುವುದಕ್ಕೂ ಬಹಳ ಮೊದಲು ದಡಕ್ಕೆ ಬಂದು ಬಿದ್ದಿದ್ದ ಡಾಲ್ಫಿನ್ನಿನ ಈಜುರೆಕ್ಕೆಯ ಎಲುಬುಗಳು ಅದರಲ್ಲಿದ್ದವು.

"ಮೊದಲು ಇವರಿಗೆ ಕೈ ಕೊಡು" ಎಂದರು.

"ಎಂತ ಕಾಕ?"

"ಕೈ ಕೊಡು ಅಂದೆ. ಪರಿಚಯ ಆಗಲಿ. ಬೆರಳು ಎಣಿಸು."

ಅವಳು ಎಣಿಸಿದಳು. ಐದು.

"ಹೊರಗಿಂದ ನೋಡಿದರೆ ದೋಣಿಯ ಹುಟ್ಟಿನ ಹಲಗೆ, ಒಳಗೆ ಐದು ಬೆರಳು. ನಿನಗೂ ಐದು. ಪಾರಿವಾಳದಲ್ಲಿ ಎರಡು ಹೋಗಿದೆ, ಕಪ್ಪೆಯಲ್ಲಿ ಒಂದು ಕಡಿಮೆ, ಆದರೆ ಕಟ್ಟಿದ್ದು ಒಂದೇ ಕೈ. ಎಲ್ಲಾ ಒಂದೇ ಕಡೆಯಿಂದ ಬಂದದ್ದು ಅಂತ ನಿಮ್ಮ ಸರ್ ಹೇಳ್ತಾರೆ. ಎಲುಬು ಮುಟ್ಟಿದರೆ ನನಗೂ ಹಾಗೇ ಕಾಣ್ತದೆ. ಕಂಡದ್ದನ್ನು ಕಂಡಿಲ್ಲ ಅನ್ನಲಿಕ್ಕೆ ಆಗುವುದಿಲ್ಲ, ಮಗಳೇ."

"ಹಾಗಾದರೆ ಆದಮರು?"

"ಮಣ್ಣಿನಿಂದ ಮಾಡಿದ ಅಂತ ಉಂಟು. ಆ ಮಣ್ಣು ಎಷ್ಟು ಹೊತ್ತು ಕಲಸಿದ ಅಂತ ನನಗೆ ಯಾವ ಉಸ್ತಾದರೂ ಹೇಳಿಲ್ಲ. ಒಂದು ಬಾವಲಿಯ ಎಲುಬು ಬಿಡಿಸಲಿಕ್ಕೆ ನನಗೇ ಮೂರು ವಾರ ಬೇಕು. ಅವನಿಗೆ ಎಂತ ಅವಸರ?"

ಹುಡುಗಿ ಮೂಗು ಒರೆಸಿಕೊಂಡು ನಕ್ಕಳು. ಮತ್ತೆ ಗಂಭೀರಳಾಗಿ, "ಆದರೆ ನಮ್ಮ ಊರಿನ ಉಸ್ತಾದರು ಇದನ್ನು ಒಪ್ಪುವುದಿಲ್ಲ ಕಾಕ" ಎಂದಳು.

"ನಮ್ಮ ಹೂಡೆಯವರೂ ಒಪ್ಪುವುದಿಲ್ಲ. ಪ್ರಾಣಿಯವರೆಗೆ ಬರ್ತಾರೆ, ಆದಮರ ಬಾಗಿಲಲ್ಲಿ ನಿಲ್ತಾರೆ. ಅವರು ನಿಲ್ಲುವುದಕ್ಕೂ ಕಾರಣ ಉಂಟು, ಅವರು ದಡ್ಡರಲ್ಲ. ನಾನು ಅವರ ಹಿಂದೆಯೇ ನಿಂತು ನಮಾಝ್ ಮಾಡ್ತೇನೆ. ಇಲ್ಲಿ ಬಂದು ಎಲುಬು ತೊಳೀತೇನೆ. ಎರಡರ ನಡುವೆ ಎಂತ ಉಂಟು ಅಂತ ನನಗೆ ಗೊತ್ತಿಲ್ಲ. ಬಲ್ಲವನು ಅವನು. ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕೆ ಎಂತಕ್ಕೆ?"

ಅವಳು ವಿಷಯ ಬಿಡಲಿಲ್ಲ. ಆ ವರ್ಷ ನನ್ನ ಪತ್ರಿಕೆಯಲ್ಲಿ ಅವಳೇ ಮೊದಲು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಒಳಗೆ ಹೋಗದೆ, ಕಾರಣವಿಲ್ಲದೆ ಗ್ರಂಥಾಲಯಕ್ಕೆ ಹೋಗಿ ಕೂತೆ. ಅವಳು ಕೇಳಿದ್ದು ನನ್ನನ್ನು. 'ಗೊತ್ತಿಲ್ಲ' ಎಂಬುದು ಜಗತ್ತಿನ ಅತಿ ಸುಲಭದ ಮಾತು, ಮೂರು ವರ್ಷದ ಮಗುವೂ ಹೇಳುತ್ತದೆ. ಅದನ್ನು ಹೇಳುವ ಧೈರ್ಯ ಅಟೆಂಡರಿಗೆ ಇತ್ತು, ನನಗಿರಲಿಲ್ಲ. ಅವತ್ತು ಡಬ್ಬಿಯ ಮೇಲಿನ ನಾಲ್ಕು ಪತ್ತಿರ್‌ಗಳನ್ನೂ ನಾನೇ ತಿಂದೆ.

ಇನ್ನು ಆರು ಕೈಗಳ ಕಪಾಟಿನ ವಿಷಯ. ಬೇರೆ ಊರಿನಿಂದ ಒಂದು ಸಮಿತಿ ಕಾಲೇಜು ನೋಡಲು ಬರುವುದಿತ್ತು. ಮ್ಯೂಸಿಯಮ್ಮಿನ ನಡುವೆ ಒಂದು ಗಾಜಿನ ಕಪಾಟು ಇಟ್ಟು, ಆರು ಕೈಗಳ ಎಲುಬು ಜೋಡಿಸಿ, ಮೇಲೆ 'ಕೈ ಬೆಳೆದು ಬಂದ ದಾರಿ' ಎಂದು ಬರೆಸುವುದೆಂದು ತೀರ್ಮಾನವಾಯಿತು. ಕಪ್ಪೆ, ಓತಿ, ಪಾರಿವಾಳ, ಬಾವಲಿ, ಮಂಗ, ಮನುಷ್ಯ. ಜೀವವಿಕಾಸ ಸಾಲಾಗಿ ನಡೆಯಲಿಲ್ಲ, ಕೊಂಬೆಕೊಂಬೆಯಾಗಿ ಒಡೆಯಿತು ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಪ್ರದರ್ಶನಕ್ಕೆ ಮಾತ್ರ ಎಲ್ಲರಿಗೂ ಸಾಲೇ ಬೇಕು. ಅನುಕ್ರಮವನ್ನು ನಾನು ಬಾಯಿಯಲ್ಲಿ ಹೇಳಿದೆ, ಕಾಕ ತಮ್ಮ ಪುಸ್ತಕದಲ್ಲಿ ಗೀಚಿಕೊಂಡರು.

ನಾಲ್ಕು ತಿಂಗಳು ಅವರು ಅದಕ್ಕೆ ಕೂತರು. ಮನುಷ್ಯನ ಕೈಯೊಂದರಲ್ಲೇ ಇಪ್ಪತ್ತೇಳು ಎಲುಬು. ಯಾವ ಕಾಲದಿಂದಲೋ ವಿಭಾಗದಲ್ಲಿದ್ದ ಆ ಕೈಯನ್ನು ಅವರು ಬಿಚ್ಚಿ, ತೊಳೆದು, ಸಣ್ಣ ತಂತಿಯಲ್ಲಿ ಮತ್ತೆ ಪೋಣಿಸಿದರು. ಸಮಿತಿ ಬರುವ ಹಿಂದಿನ ದಿನ ಸಂಜೆ ಕಪಾಟು ತಯಾರಾಯಿತು. "ನೀವು ಒಮ್ಮೆ ನೋಡಿಬಿಡಿ ಸರ್. ನನಗೆ ಎಂತದೋ ಒಂದು ಅನುಮಾನ ಉಂಟು, ಎಂತ ಅಂತ ಗೊತ್ತಾಗುವುದಿಲ್ಲ" ಎಂದು ಹೇಳಿ ಅಸರ್‌ಗೆ ಹೋದರು.

ನಾನು ಗಾಜಿನ ಮುಂದೆ ಬಗ್ಗಿ ನೋಡಿದೆ. ಆರು ಕೈಗಳೂ ಚಂದವಾಗಿ ನಿಂತಿದ್ದವು, ಒಂದು ತಂತಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಎಡದಿಂದ ಗಾಜಿನ ಮೇಲೆ ಬೆರಳಿಟ್ಟು ಓದುತ್ತಾ ಹೋದೆ. ಮನುಷ್ಯ. ಮಂಗ. ಬಾವಲಿ. ಪಾರಿವಾಳ. ಓತಿ. ಬಲತುದಿಗೆ ಕಪ್ಪೆ.

ತಲೆಕೆಳಗಾಗಿತ್ತು. ಯಾಕೆಂದೂ ಆ ಕ್ಷಣವೇ ಹೊಳೆಯಿತು. ಕಾಕನಿಗೆ ಸರಾಗವಾಗಿ ಬರುತ್ತಿದ್ದ ಬರವಣಿಗೆ ಮದ್ರಸದಲ್ಲಿ ಕಲಿತ ಅರಬಿ ಮಲಯಾಳಂ ಒಂದೇ, ಅರಬಿ ಅಕ್ಷರದಲ್ಲಿ ಮಲಯಾಳಂ ಬರೆಯುವ ನಮ್ಮ ಹಿರಿಯರ ಕ್ರಮ. ಅದು ಬಲದಿಂದ ಎಡಕ್ಕೆ. ಕನ್ನಡವನ್ನು ಅವರು ಕೆಲಸಕ್ಕೆ ಸೇರಿದ ಮೇಲೆ ಶೀಷೆಗಳ ಚೀಟಿ ನೋಡಿ ಅಕ್ಷರ ಅಕ್ಷರ ಕೂಡಿಸಿ ಕಲಿತದ್ದು. ಅವರ ಪುಸ್ತಕದಲ್ಲಿ ಕಪ್ಪೆ ಬಲತುದಿಗೆ ಇತ್ತು, ಕಪಾಟಿನಲ್ಲೂ ಬಲತುದಿಗೆ ಬಂತು. ಬಲದಿಂದ ತೊಳೆದ ಕೈ ಬಲದಿಂದಲೇ ಜೋಡಿಸಿತ್ತು.

ಸರಿಪಡಿಸಲು ಹತ್ತು ನಿಮಿಷ ಸಾಕಿತ್ತು. ಇಲ್ಲವೇ ಸ್ಟೋರಿನ ಬಾಗಿಲಲ್ಲಿ ನಿಂತು, ನಮಾಝ್ ಮುಗಿದ ಮೇಲೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಫ್ಯಾನ್ ಆರಿಸಿದೆ, ಚೀಲ ಹೆಗಲಿಗೆ ಹಾಕಿಕೊಂಡೆ, ಬಸ್ಸಿಗೆ ಹೋದೆ. ಎಲ್ಲರೂ ತಲೆಯ ಮೇಲೆ ಹೊತ್ತು ಮೆರೆಸುವ ಕಾಕನಿಗೂ ತಪ್ಪುತ್ತದೆ ಎಂದು ಒಮ್ಮೆ ಎಲ್ಲರೂ ನೋಡಲಿ. ಅಷ್ಟೇ ನನ್ನ ಆಸೆ. ನಾಲ್ಕು ಜನ ನಗುತ್ತಾರೆ, ಅವರೂ ತಲೆ ಕೆರೆದುಕೊಂಡು ನಗುತ್ತಾರೆ, ನಾನು ದೊಡ್ಡ ಮನಸ್ಸು ಮಾಡಿ ಸರಿಪಡಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಮರುದಿನ ಸಮಿತಿಯ ಹಿರಿಯರು ಕಪಾಟಿನ ಮುಂದೆ ನಿಂತರು. ಹಿಂದೆ ನಮ್ಮ ಪ್ರಿನ್ಸಿಪಾಲರು, ನಾವೆಲ್ಲ ಉಪನ್ಯಾಸಕರು, ಬಾಗಿಲ ತುಂಬ ಮಕ್ಕಳು.

"ಇದೇನು? ಮನುಷ್ಯನಿಂದ ಶುರುವಾಗಿ ಕಪ್ಪೆಗೆ ಬಂತಲ್ಲ! ಯಾರು ಮಾಡಿದ್ದು?"

ಕಾಕ ಮುಂದೆ ಬಂದರು. ಗಡ್ಡ, ಟೊಪ್ಪಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವತ್ತಿಗೆಂದೇ ಹೊಸತು ಹಾಕಿಕೊಂಡಿದ್ದರು. ಹಿರಿಯರು ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಓ, ಹಾಗೆ. ನಿಮ್ಮ ಲೆಕ್ಕದಲ್ಲಿ ಮನುಷ್ಯನೇ ಮೊದಲು, ಅಲ್ವಾ? ನಿಮ್ಮ ನಂಬಿಕೆ ಮನೆಯಲ್ಲಿರಲಿ. ಲ್ಯಾಬ್‌ಗೆ ತರಬೇಡಿ."

ಯಾರೂ ನಗಲಿಲ್ಲ. ಕಾಕ ಕಪಾಟು ನೋಡಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು. ದಿಕ್ಕು ತಪ್ಪಿದ್ದು ಆಗ ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಅವರು ತಿರುಗಿ ನನ್ನನ್ನು ನೋಡಿದರು. ಇವರಿಗೆ ಸ್ವಲ್ಪ ತಿಳಿಸಿ ಹೇಳಿ ಸರ್ ಎನ್ನುವಂಥ ನೋಟ, ಅಷ್ಟೇ. ಬಲದಿಂದ ಎಡಕ್ಕೆ ಬರೆಯುವವರು ಇವರು, ಓದುವ ದಿಕ್ಕು ತಪ್ಪಿದೆ, ನಂಬಿಕೆ ಅಲ್ಲ ಎಂದು ಹೇಳಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ. ನನ್ನ ಬಾಯಿ ತೆರೆಯಿತು ಕೂಡ. ಆಗ ಇನ್ನೊಂದು ಹೆದರಿಕೆ ಬಂತು. ನನ್ನ ಹೆಸರೂ ಅದೇ ಥರದ್ದು. ಈಗ ಮಾತಾಡಿದರೆ ಓ, ಇವರೂ ಅವರೇ ಎನ್ನುತ್ತಾರೆ. ನಾನು ನನ್ನ ಶೂ ನೋಡುತ್ತಾ ನಿಂತೆ.

"ನಮ್ಮಲ್ಲಿಯೂ ಮನುಷ್ಯ ಕೊನೆಗೇ ಬಂದವನು, ಸರ್" ಎಂದರು ಕಾಕ, ಮೆಲ್ಲಗೆ. ಅಷ್ಟು ಹೊತ್ತಿಗೆ ಹಿರಿಯರು ಮುಂದಿನ ಕೋಣೆಗೆ ಹೋಗಿಯಾಗಿತ್ತು.

ಸಮಿತಿ ಹೋದ ವಾರದೊಳಗೆ ಕಪಾಟಿಗೆ ಬೀಗ ಬಿತ್ತು, ಅದು ಸ್ಟೋರಿಗೆ ಹೋಯಿತು. ಅದರ ಜಾಗದಲ್ಲಿ ಒಂದು ಬಣ್ಣದ ಚಾರ್ಟು ತೂಗಿತು. ಕಾಕನನ್ನು ಉತ್ತರಪತ್ರಿಕೆ ಕಟ್ಟಿಡುವ ಕೋಣೆಗೆ ಹಾಕಿದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ಎರಡು ವರ್ಷ ಅವರು ಎಲುಬು ಮುಟ್ಟಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಮೊದಲಿನಂತೆಯೇ "ಊಟ ಆಯ್ತಾ ಸರ್?" ಎನ್ನುತ್ತಿದ್ದರು. ಅವರ ಕೈಯಲ್ಲಿ ಈಗ ಅಂಟಿನ ವಾಸನೆ. ನನ್ನ ತರಗತಿಯಲ್ಲಿ ಪೈಪೋಟಿಗೆ ಯಾರೂ ಇರಲಿಲ್ಲ, ಆದರೂ ಒಬ್ಬ ವಿದ್ಯಾರ್ಥಿಯೂ ನನ್ನ ಹತ್ತಿರ ಬಂದು ಏನೂ ಕೇಳಲಿಲ್ಲ.

ಅವರು ನಿವೃತ್ತರಾಗಿ ಒಂದು ವರ್ಷವಾದ ಮೇಲೆ ಒಂದು ಭಾನುವಾರ ನಾನು ಹೂಡೆಗೆ ಹೋದೆ. ಹೆಂಡತಿ ಕೊಟ್ಟ ಪತ್ತಿರ್ ಡಬ್ಬಿ ಕೈಯಲ್ಲಿತ್ತು. ಹೊಳೆಯ ಬದಿಯಲ್ಲಿ ಅವರ ಮನೆ. ಜಗಲಿಯಲ್ಲಿ ಕೂತು ಕಾಣೆಮೀನು ಶುಚಿ ಮಾಡುತ್ತಿದ್ದರು. ಇದು ಗೇಟಿನ ಹೊರಗೆ, ಆದ್ದರಿಂದ ಮಾತು ಬ್ಯಾರಿಯಲ್ಲೇ.

"ಕಾಕ, ಆ ಕಪಾಟನ್ನು ನಾನು ಹಿಂದಿನ ದಿನವೇ ನೋಡಿದ್ದೆ" ಎಂದೆ. ದಾರಿಯಿಡೀ ಕಟ್ಟಿಕೊಂಡು ಬಂದಿದ್ದ ಬೇರೆ ಪೀಠಿಕೆಗಳೆಲ್ಲ ಮರೆತುಹೋದವು.

"ಗೊತ್ತು ಮೋನೇ."

"ಹೇಗೆ?"

"ಬೆಳಿಗ್ಗೆ ಗಾಜು ಒರೆಸಿದವನು ನಾನೇ ಅಲ್ವಾ? ನಿನ್ನ ಬೆರಳಿನ ಗೆರೆ ಇತ್ತು, ಈ ತುದಿಯಿಂದ ಆ ತುದಿಯವರೆಗೆ. ನನಗೆ ಅನುಮಾನ ಇತ್ತಲ್ಲ. ಆ ಗೆರೆ ನೋಡಿ ಸಮಾಧಾನ ಆಯಿತು. ಸರ್ ಒಂದೊಂದೇ ನೋಡಿದ್ದಾರೆ, ತಪ್ಪಿದ್ದರೆ ಹೇಳುತ್ತಿದ್ದರು ಅಂದುಕೊಂಡೆ. ಒರೆಸಿಬಿಟ್ಟೆ."

ಕಾಕ ಮತ್ತೆ ಮೀನಿನ ಹುರುಪೆ ಕೆರೆದರು.

"ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಮನುಷ್ಯ ಹೇಳಿದ್ದಕ್ಕಲ್ಲ, ಅವನಿಗೆ ನನ್ನ ಪರಿಚಯ ಇಲ್ಲ. ನೀನು ಯಾಕೆ ಸುಮ್ಮನಿದ್ದೆ ಅಂತ ಮೂರು ವರ್ಷದಿಂದ ಯೋಚಿಸುತ್ತಿದ್ದೇನೆ. ನನಗೆ ಹೊಳೆಯುವುದಿಲ್ಲ."

"ಹೊಟ್ಟೆಕಿಚ್ಚು ಕಾಕ."

ಅವರು ಮೀನು ಬಿಟ್ಟು ನನ್ನ ಮುಖ ನೋಡಿದರು. "ಯಾರ ಮೇಲೆ?"

"ನಿಮ್ಮ ಮೇಲೆ."

"ನನ್ನ ಮೇಲೆಯಾ? ನನ್ನಲ್ಲಿ ಎಂತ ಉಂಟು?" ಎಂದು ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು. ಹುಸಿವಿನಯವಲ್ಲ, ನಿಜವಾಗಿಯೂ ಹುಡುಕುತ್ತಿದ್ದರು. ಕ್ಷಮೆ ಕೇಳಲು ಬಂದ ನನಗೆ ಅಲ್ಲೂ, ಆ ಜಗಲಿಯಲ್ಲೂ ಅವರ ಮೇಲೆ ಮತ್ತೆ ಹೊಟ್ಟೆ ಉರಿಯಿತು. ಆಮೇಲೆ ಅವರು ಕೈ ತೊಳೆದು ಬಂದರು, ಇಬ್ಬರೂ ಪತ್ತಿರ್ ತಿಂದೆವು. ಕ್ಷಮಿಸಿದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಕೇಳಲು ನನಗೂ ಬಾಯಿ ಬರಲಿಲ್ಲ.

ಕಳೆದ ವರ್ಷ ಮಳೆಗಾಲ ಶುರುವಾಗುವ ಮೊದಲು, ಒಂದು ಬೆಳಿಗ್ಗೆ ಅವರ ಮಗ ಫೋನ್ ಮಾಡಿದ. ಸುಬುಹಿಯ ನಮಾಝಿಗೆ ಎದ್ದವರು ಕೈಕಾಲು ತೊಳೆದು ಬಂದು ಕೂತಲ್ಲೇ ಹೋಗಿಬಿಟ್ಟಿದ್ದರು. ನಾನು ಕಾಪುವಿನಿಂದ ಹೂಡೆ ಮುಟ್ಟುವಾಗ ಜನ ಸೇರಿದ್ದರು. ಕಾರ್ಕಳದ ಆ ಹುಡುಗಿಯೂ ಗಂಡನೊಡನೆ ಬಂದು ಹೆಂಗಸರ ಕಡೆ ಕೂತಿದ್ದಳು. ಈಗ ಅವಳು ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ನಾನು ಗಂಡಸರ ನಡುವೆ ಹಿಂದೆ ನಿಂತಿದ್ದೆ. ಮಗ ಬಂದು ನನ್ನ ತೋಳು ಹಿಡಿದ.

"ಒಳಗೆ ಬನ್ನಿ ಸರ್. ತೊಳೆಯಲಿಕ್ಕೆ ನೀವೂ ಸೇರಬೇಕು ಅಂತ ಬಾಪ ಹೇಳಿದ್ದರು."

"ನನಗೆ ಅಭ್ಯಾಸ ಇಲ್ಲ" ಎಂದೆ. ನಿಜ, ನಾನು ಆವರೆಗೆ ಒಂದು ಮಯ್ಯತ್ತನ್ನೂ ತೊಳೆದಿರಲಿಲ್ಲ.

"ನಾನೂ ಹಾಗೇ ಹೇಳಿದೆ. ಬಲಗೈ ಸರ್‌ಗೆ ಬಿಡು, ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಗೊತ್ತುಂಟು ಅಂದರು."

ಹಲಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಮಗ ನೀರು ಹೊಯ್ದ. ನಾನು ಬಲಗೈ ಎತ್ತಿಕೊಂಡೆ. ಭಾರವಾಗಿತ್ತು. ಮಣಿಕಟ್ಟಿನಲ್ಲಿ ಎಂಟು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದು ಅಳಿಸಿದ ಎಲುಬುಗಳು ಚರ್ಮದ ಅಡಿಯಲ್ಲಿ ನನ್ನ ಬೆರಳಿಗೆ ಒಂದೊಂದಾಗಿ ಸಿಕ್ಕಿದವು. ಬೆರಳ ಸಂದುಗಳಲ್ಲಿ ನನ್ನ ಬೆರಳು ಹಾಯಿಸಿ ತೊಳೆದೆ. ಹೆಬ್ಬೆರಳಿನ ಹಳದಿ ಉಗುರಿನ ಅಡಿಯನ್ನು ಹತ್ತಿಯಿಂದ ಮೆತ್ತಗೆ ಒರೆಸಿದೆ. ಮೂರು ಸಲವಾಯಿತು. ನನಗೆ ಬಿಡಲು ಮನಸ್ಸಾಗಲಿಲ್ಲ. ಮಗ ಮತ್ತೆರಡು ಸಲ ನೀರು ಹೊಯ್ದ. ಕೊನೆಯ ನೀರಿನಲ್ಲಿ ಕರ್ಪೂರ ಇತ್ತು.

ಮುಖವನ್ನೂ ನೋಡಿದೆ. ಮಂಗನ ಮಣಿಕಟ್ಟು ಜೋಡಿಸಿ ಮುಗಿಸಿದ ದಿನ ಹೇಗಿರುತ್ತಿತ್ತೋ ಹಾಗೇ ಇತ್ತು. ಇವರಿಗೆ ಈಗ ಗೊತ್ತಾಗಿರಬಹುದು, ಆ ಮಣ್ಣು ಎಷ್ಟು ಹೊತ್ತು ಕಲಸಿದ್ದು ಎಂದು. ಇದರಲ್ಲೂ ನನಗಿಂತ ಮೊದಲು. ಅಳುತ್ತಾ ಇದ್ದೆ, ಅಳುವಿನ ನಡುವೆಯೂ ಅಸೂಯೆ ಕೈಬಿಟ್ಟಿರಲಿಲ್ಲ.

ಈ ವರ್ಷ ಆ ಪಾಠ ಬಂದಾಗ ನಾನು ಪ್ರಿನ್ಸಿಪಾಲರ ಹತ್ತಿರ ಬೀಗದಕೈ ಕೇಳಿ ಪಡೆದು ಕಪಾಟು ತೆರೆಸಿದೆ. ಮಕ್ಕಳನ್ನು ಸುತ್ತ ನಿಲ್ಲಿಸಿ, ಈ ಕೈಗಳು ಯಾಕೆ ಹೀಗೆ ಬಲದಿಂದ ಎಡಕ್ಕೆ ನಿಂತಿವೆ, ಜೋಡಿಸಿದವರು ಯಾರು, ಹಿಂದಿನ ದಿನ ನೋಡಿಯೂ ಸುಮ್ಮನಿದ್ದವನು ಯಾರು, ಎಲ್ಲವನ್ನೂ ಹೇಳಿದೆ. ಕೊನೆಗೆ ಇನ್ನಂಜೆಯ ಒಬ್ಬಳು ಹುಡುಗಿ ಕೈ ಎತ್ತಿದಳು.

"ಹಾಗಾದರೆ ಸರ್, ಮೊದಲ ಮನುಷ್ಯ? ನೀವು ಎಂತ ನಂಬುತ್ತೀರಿ?"

ನಾನು ಗಡಿಯಾರ ನೋಡಲಿಲ್ಲ, ಬೋರ್ಡಿನ ಕಡೆಗೂ ತಿರುಗಲಿಲ್ಲ.

"ಎಲುಬು ಹೇಳುವುದು ನಿಜ, ಅದನ್ನು ಇಲ್ಲ ಅನ್ನಲಿಕ್ಕೆ ನನಗೆ ಆಗುವುದಿಲ್ಲ. ನಾನು ನಮಾಝ್ ಮಾಡುವುದೂ ನಿಜ. ಎರಡರ ನಡುವೆ ಎಂತ ಉಂಟು ಅಂತ ನನಗೆ ಗೊತ್ತಿಲ್ಲ" ಎಂದೆ.

ಹುಡುಗಿ ತಲೆಯಾಡಿಸಿ ಬರೆದುಕೊಂಡಳು. ಸಂಜೆ ಇಬ್ಬರು ಮೂವರು ನನ್ನ ಮೇಜಿನ ಹತ್ತಿರ ಬಂದು ನಿಂತರು, ಇನ್ನೂ ಕೇಳಲಿಕ್ಕಿತ್ತು. ಇಷ್ಟು ವರ್ಷ ನಾನು ಬಯಸಿದ್ದು ಇದನ್ನೇ. ಆದರೆ ಅವರಿಗೆ ಹಿಡಿಸಿದ ಆ ಮಾತು ನನ್ನದಲ್ಲ, ಕಾಕನದು. ಅವರು ಅದನ್ನು ಎಲುಬು ತೊಳೆಯುತ್ತಾ ಸುಲಭದಲ್ಲಿ ಹೇಳಿಬಿಟ್ಟಿದ್ದರು. ನನ್ನ ಬಾಯಿಗೆ ಅದು ಬರಬೇಕಾದರೆ ಅವರು ಸಾಯಬೇಕಾಯಿತು.